ನೀರಿನಿಂದ ಗಾಡಿ ಓಡಿಸುವ ‘ಹೊಸ ಕ್ಯಾಟಲಿಸ್ಟ್’ ಸಿಕ್ಕಿದೆಯೇ? ಬಿಎಸ್ಸಿ ಕೊನೆಯ ವರ್ಷದ ರಸಾಯನಶಾಸ್ತ್ರ ಹೇಳುವುದೇನು?

‘ಒಂದು ಲೀಟರ್ ನೀರು ಹಾಕಿ, ನೂರು ಕಿಲೋಮೀಟರ್ ಓಡಿಸಿ.’ ‘ನೀರನ್ನೇ ಇಂಧನ ಮಾಡುವ ಕ್ಯಾಟಲಿಸ್ಟ್ ಕಂಡುಹಿಡಿದ ಹಳ್ಳಿ ಹುಡುಗ. ತೈಲ ಕಂಪನಿಗಳು ಇದನ್ನು ಮುಚ್ಚಿಡುತ್ತಿವೆ, ಎಲ್ಲರಿಗೂ ತಲುಪುವವರೆಗೆ ಶೇರ್ ಮಾಡಿ.’ ಇಂಥ ಸಂದೇಶ ನಿಮ್ಮ ಮನೆಯ ವಾಟ್ಸ್ಆಪ್ ಗುಂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ಪೆಟ್ರೋಲ್ ದರ ಏರಿದಾಗಲೆಲ್ಲ ಈ ಹಳೆಯ ಸಂದೇಶಕ್ಕೆ ಹೊಸ ಜೀವ ಬರುತ್ತದೆ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ವಿಡಿಯೊ ಬದಲಾಗುತ್ತದೆ. ಹೇಳಿಕೆ ಮಾತ್ರ ಅದೇ.

ಓದಿ ನಕ್ಕು ಸುಮ್ಮನಾಗಬಹುದಾದ ವಿಷಯ ಇದಲ್ಲ. ಈ ನಂಬಿಕೆಯ ಬೆನ್ನಿಗೇ ‘ವಾಟರ್ ಕಿಟ್’, ‘ಎಚ್‌ಎಚ್‌ಒ ಕಿಟ್’ ಎಂಬ ಹೆಸರಿನ ಡಬ್ಬಿಗಳ ಮಾರಾಟವೂ ನಡೆಯುತ್ತದೆ. ಕೊಳ್ಳುವವರು ಯಾರು? ದಿನವೂ ಪೆಟ್ರೋಲ್ ಖರ್ಚಿನ ಲೆಕ್ಕ ಹಾಕುವ ಆಟೊ, ಟ್ಯಾಕ್ಸಿ, ಬೈಕ್ ನಂಬಿ ಬದುಕುವವರು. ಹೀಗಾಗಿ ಈ ಹೇಳಿಕೆಯನ್ನು ಬಿಡಿಸಿ ನೋಡೋಣ.

ಬಿಎಸ್ಸಿ ಕೊನೆಯ ವರ್ಷದಲ್ಲಿ ರಸಾಯನಶಾಸ್ತ್ರ ಓದುವವರಿಗೆ ಮೂರು ವಿಷಯಗಳು ಎದುರಾಗುತ್ತವೆ: ಕಂಪ್ಯೂಟರ್‌ನಲ್ಲಿ ಅಣುಗಳ ಲೆಕ್ಕ ಮಾಡುವುದು, ಕ್ಯಾಟಲಿಸಿಸ್ ಮತ್ತು ಮೆಟೀರಿಯಲ್ಸ್. ಹೆಸರು ಕೇಳಿದರೆ ನಮಗೇಕೆ ಈ ಉಸಾಬರಿ ಎನಿಸಬಹುದು. ಆದರೆ ನೀರಿನ ಗಾಡಿಯ ಸಂದೇಶಕ್ಕೆ ಉತ್ತರ ಇರುವುದು ಈ ಮೂರರಲ್ಲೇ. ಕೈಯಲ್ಲಿ ಕರೆಂಟ್ ಬಿಲ್ ಇದ್ದರೆ ಸಾಕು, ಅರ್ಥ ಮಾಡಿಕೊಳ್ಳಬಹುದು.

ಸಂದೇಶದಲ್ಲಿ ನಿಜ ಎಷ್ಟು?

ಇಂಥ ಸಂದೇಶಗಳು ಪೂರ್ತಿ ಸುಳ್ಳಾಗಿರುವುದಿಲ್ಲ. ಅರ್ಧ ನಿಜ ಇರುವುದರಿಂದಲೇ ಅವು ಅಷ್ಟು ವೇಗವಾಗಿ ಹರಡುತ್ತವೆ.

ನೀರಿನಲ್ಲಿ ಜಲಜನಕ ಇದೆ. ನಿಜ. ಒಂದು ಲೀಟರ್ ನೀರಿನಲ್ಲಿ ಸುಮಾರು 111 ಗ್ರಾಂ ಜಲಜನಕ ಇರುತ್ತದೆ. ಜಲಜನಕ ಉರಿಯುತ್ತದೆ, ಗಾಡಿಯನ್ನೂ ಓಡಿಸುತ್ತದೆ. ಅದೂ ನಿಜ. ನೀರಿಗೆ ವಿದ್ಯುತ್ ಹಾಯಿಸಿದರೆ ಜಲಜನಕ ಮತ್ತು ಆಮ್ಲಜನಕ ಬೇರೆಯಾಗುತ್ತವೆ. ಇದು ಹೈಸ್ಕೂಲಿನ ಪ್ರಯೋಗ. ಒಳ್ಳೆಯ ಕ್ಯಾಟಲಿಸ್ಟ್ ಇದ್ದರೆ ಈ ಕೆಲಸ ಸಲೀಸಾಗುತ್ತದೆ. ಇದೂ ನಿಜವೇ.

ಈ ನಾಲ್ಕು ನಿಜಗಳ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಸಂದೇಶ ಜಾಣತನದಿಂದ ನುಂಗಿಬಿಡುತ್ತದೆ: ನೀರನ್ನು ಒಡೆಯಲು ಬೇಕಾದ ಶಕ್ತಿ ಎಲ್ಲಿಂದ ಬಂತು?

ನೀರು ಎಂದರೆ ಉರಿದು ಮುಗಿದ ಜಲಜನಕ

ಸೌದೆ ಉರಿದ ಮೇಲೆ ಉಳಿಯುವುದು ಬೂದಿ. ಬೂದಿಯಿಂದ ಮತ್ತೆ ಒಲೆ ಹೊತ್ತಿಸಲು ಯಾರೂ ಹೋಗುವುದಿಲ್ಲ. ಜಲಜನಕ ಉರಿದ ಮೇಲೆ ಉಳಿಯುವುದು ನೀರು. ಅಂದರೆ ನೀರು ಜಲಜನಕದ ‘ಬೂದಿ’ ಇದ್ದಂತೆ. ಅದರೊಳಗಿನ ಜಲಜನಕ ತನ್ನ ಶಕ್ತಿಯನ್ನು ಆಗಲೇ ಬಿಟ್ಟುಕೊಟ್ಟಾಗಿದೆ. ಅದನ್ನು ಮತ್ತೆ ಇಂಧನ ಮಾಡಬೇಕೆಂದರೆ, ಬಿಟ್ಟುಕೊಟ್ಟಷ್ಟು ಶಕ್ತಿಯನ್ನು ನಾವು ಹೊರಗಿನಿಂದ ತಂದು ತುಂಬಬೇಕು.

ಎಷ್ಟು? ಕರೆಂಟ್ ಬಿಲ್ಲಿನ ಭಾಷೆಯಲ್ಲೇ ಹೇಳುವುದಾದರೆ, ಒಂದು ಲೀಟರ್ ನೀರನ್ನು ಪೂರ್ತಿಯಾಗಿ ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯಲು ಕನಿಷ್ಠ 4.4 ಯೂನಿಟ್ ಶಕ್ತಿ ಬೇಕು. ಇದು ಒಂದಿಷ್ಟೂ ಸೋರಿಕೆಯಿಲ್ಲದ ಆದರ್ಶ ಲೆಕ್ಕ. ನಿಜವಾದ ಯಂತ್ರಗಳಲ್ಲಿ 5.5ರಿಂದ 6 ಯೂನಿಟ್ ಬೇಕಾಗುತ್ತದೆ. ಹೀಗೆ ಸಿಕ್ಕ ಜಲಜನಕವನ್ನು ಉರಿಸಿದರೆ ಮರಳಿ ಬರುವ ಶಾಖ ಹೆಚ್ಚೆಂದರೆ ಅದೇ 4.4 ಯೂನಿಟ್. ಎಂಜಿನ್ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಚಕ್ರದ ಕೆಲಸಕ್ಕೆ ಒದಗಿಸುತ್ತದೆ. ಉಳಿದದ್ದು ಬಿಸಿಯಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೋಗುತ್ತದೆ.

ಆರು ಯೂನಿಟ್ ಕೊಟ್ಟು ಒಂದು, ಒಂದೂವರೆ ಯೂನಿಟ್ ವಾಪಸ್ ಪಡೆಯುವ ವ್ಯಾಪಾರ ಇದು. ಈ ಒಂದೂವರೆ ಯೂನಿಟ್‌ನಿಂದಲೇ ಮುಂದಿನ ಲೀಟರ್ ನೀರನ್ನೂ ಒಡೆದು, ಗಾಡಿಯನ್ನೂ ಓಡಿಸುತ್ತೇವೆ ಎಂಬುದು ಸಂದೇಶದ ವಾದ. ಬಾವಿಯಿಂದ ಒಂದು ಕೊಡ ನೀರು ಸೇದಿ, ಅದನ್ನು ಮತ್ತೆ ಬಾವಿಗೇ ಸುರಿದು, ಆ ಬೀಳುವ ರಭಸದಿಂದ ಇನ್ನೊಂದು ಕೊಡ ಮೇಲೆತ್ತಿ, ಮೇಲೆ ತೋಟಕ್ಕೂ ನೀರು ಬಿಡುತ್ತೇವೆ ಎಂದಂತೆ.

ಕ್ಯಾಟಲಿಸ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಇಲ್ಲಿ ಸಂದೇಶದವರು ಹೇಳುವ ಮಾತು: ‘ಹಳೆಯ ಲೆಕ್ಕ ಬಿಡಿ, ಇವರು ಹೊಸ ಕ್ಯಾಟಲಿಸ್ಟ್ ಕಂಡುಹಿಡಿದಿದ್ದಾರೆ.’ ಕ್ಯಾಟಲಿಸ್ಟ್ ಎಂದರೆ ಶಾಲೆಯ ಪುಸ್ತಕದಲ್ಲಿ ನಾವು ಓದಿದ ಕ್ರಿಯಾವರ್ಧಕ. ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ 1835ರಲ್ಲಿ ಈ ವಿದ್ಯಮಾನಕ್ಕೆ ಕ್ಯಾಟಲಿಸಿಸ್ ಎಂಬ ಹೆಸರಿಟ್ಟರು. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು ಇದು.

ಕ್ಯಾಟಲಿಸ್ಟ್ ನಮ್ಮ ಸುತ್ತಲೇ ಇದೆ. ಅನ್ನವನ್ನು ತುಸು ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲ, ಅದು ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಕೆಲಸ. ಕಿಣ್ವಗಳು ಜೀವಿಗಳ ಕ್ಯಾಟಲಿಸ್ಟ್‌ಗಳು. ಎಣ್ಣೆಯನ್ನು ವನಸ್ಪತಿ ಮಾಡಲು ನಿಕ್ಕಲ್ ಬಳಸುತ್ತಾರೆ. ಯೂರಿಯಾ ಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಾಗುವುದು ಕಬ್ಬಿಣದ ಕ್ಯಾಟಲಿಸ್ಟ್ ಮೇಲೆ. ಕಾರಿನ ಹೊಗೆ ಹೋಗುವ ದಾರಿಯಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ ಕನ್ವರ್ಟರ್ ಇರುತ್ತದೆ. ಅದು ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ.

ಇವೆಲ್ಲದರಲ್ಲೂ ಒಂದು ಸಾಮಾನ್ಯ ನಿಯಮ ಇದೆ. ಮತ್ತೆ ಬಾವಿಯ ಹತ್ತಿರ ಹೋಗೋಣ. ರಾಟೆ ತುಕ್ಕು ಹಿಡಿದಿದ್ದರೆ ಕೊಡ ಎಳೆಯುವುದು ಕಷ್ಟ. ರಾಟೆಗೆ ಎಣ್ಣೆ ಬಿಟ್ಟರೆ ಅದೇ ಕೊಡ ಸಲೀಸಾಗಿ ಮೇಲೆ ಬರುತ್ತದೆ. ಕ್ಯಾಟಲಿಸ್ಟ್ ಎಂದರೆ ಆ ಎಣ್ಣೆ. ಆದರೆ ಎಷ್ಟೇ ಎಣ್ಣೆ ಬಿಟ್ಟರೂ ಬಾವಿಯ ಆಳ ಒಂದು ಗೇಣೂ ಕಡಿಮೆಯಾಗುವುದಿಲ್ಲ. ಕೊಡವನ್ನು ಅಷ್ಟು ಎತ್ತರಕ್ಕೆ ಎತ್ತಲೇಬೇಕು.

ನೀರಿನ ವಿಷಯದಲ್ಲಿ ಆ 4.4 ಯೂನಿಟ್ ಎಂಬುದು ಬಾವಿಯ ಆಳ. 5.5ರಿಂದ 6 ಯೂನಿಟ್ ಆಗುವುದು ರಾಟೆಯ ತಿಕ್ಕಾಟದಿಂದ. ಜಗತ್ತಿನ ಅತ್ಯುತ್ತಮ ಕ್ಯಾಟಲಿಸ್ಟ್ ಬಂದರೂ 6 ಯೂನಿಟ್ಟನ್ನು 4.4ರ ಹತ್ತಿರಕ್ಕೆ ತರಬಹುದು, ಅಷ್ಟೇ. ಅದಕ್ಕಿಂತ ಕೆಳಗೆ ಇಳಿಸಲಾರದು. ಕ್ರಿಯೆಯ ಆರಂಭದಲ್ಲಿ ಏನಿತ್ತು, ಕೊನೆಯಲ್ಲಿ ಏನಿದೆ ಎಂಬುದಷ್ಟೇ ಒಟ್ಟು ಶಾಖದ ಲೆಕ್ಕವನ್ನು ನಿರ್ಧರಿಸುತ್ತದೆ, ನಡುವಿನ ದಾರಿಯಲ್ಲ ಎಂದು ಜರ್ಮೈನ್ ಹೆಸ್ 1840ರಲ್ಲೇ ತೋರಿಸಿದ್ದರು. ಕ್ಯಾಟಲಿಸ್ಟ್ ಬದಲಿಸುವುದು ದಾರಿಯನ್ನು ಮಾತ್ರ.

‘ಪೂರ್ತಿ ನೀರಲ್ಲ, ಪೆಟ್ರೋಲ್ ಜೊತೆ ಸ್ವಲ್ಪ ಗ್ಯಾಸ್’

ಕಿಟ್ ಮಾರುವವರು ಇಷ್ಟು ದೊಡ್ಡ ಮಾತು ಆಡುವುದಿಲ್ಲ. ‘ಗಾಡಿಯ ಬ್ಯಾಟರಿಯಿಂದ ನೀರನ್ನು ಒಡೆದು, ಆ ಗ್ಯಾಸನ್ನು ಎಂಜಿನ್‌ಗೆ ಬಿಡುತ್ತೇವೆ, ಮೈಲೇಜ್ ಹೆಚ್ಚುತ್ತದೆ’ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. ನೂರು ರೂಪಾಯಿ ಪೆಟ್ರೋಲಿನ ದಾರಿ ಹಿಡಿದು ಲೆಕ್ಕ ಹಾಕಿ ನೋಡೋಣ.

ಬ್ಯಾಟರಿಯನ್ನು ಚಾರ್ಜ್ ಮಾಡುವುದು ಆಲ್ಟರ್ನೇಟರ್. ಆಲ್ಟರ್ನೇಟರ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಓಡುವುದು ಪೆಟ್ರೋಲಿನಿಂದ. ನೂರು ರೂಪಾಯಿ ಪೆಟ್ರೋಲಿನಲ್ಲಿ ಎಂಜಿನ್ ಸುಮಾರು 25 ರೂಪಾಯಿಯಷ್ಟನ್ನು ತಿರುಗುವ ಶಕ್ತಿಯಾಗಿ ಕೊಡುತ್ತದೆ ಎಂದುಕೊಳ್ಳೋಣ. ಆಲ್ಟರ್ನೇಟರ್ ಅದರಲ್ಲಿ ಶೇ. 60ರಷ್ಟನ್ನು ವಿದ್ಯುತ್ ಮಾಡಿದರೆ ಉಳಿಯುವುದು 15 ರೂಪಾಯಿ. ನೀರು ಒಡೆಯುವ ಡಬ್ಬಿ ಅದರಲ್ಲಿ ಶೇ. 60ರಷ್ಟನ್ನು ಜಲಜನಕಕ್ಕೆ ತುಂಬಿದರೆ 9 ರೂಪಾಯಿ. ಆ ಜಲಜನಕ ಮತ್ತೆ ಅದೇ ಎಂಜಿನ್‌ನಲ್ಲಿ ಉರಿದರೆ ಚಕ್ರಕ್ಕೆ ಸೇರುವುದು ಎರಡೂಕಾಲು ರೂಪಾಯಿ.

ಇವು ಸ್ಥೂಲ ಅಂಕಿಗಳು. ಗಾಡಿಯಿಂದ ಗಾಡಿಗೆ ಒಂದಿಷ್ಟು ಹೆಚ್ಚು ಕಡಿಮೆ ಆಗುತ್ತದೆ. ಆದರೆ ಪ್ರತಿ ಹಂತದಲ್ಲೂ ಕಳೆಯುವುದೇ ಹೊರತು ಕೂಡುವುದು ಎಲ್ಲೂ ಇಲ್ಲ. ನೇರವಾಗಿ ಓಡಿದ್ದರೆ ಅದೇ ನೂರು ರೂಪಾಯಿಯಲ್ಲಿ 25 ರೂಪಾಯಿಯ ಕೆಲಸ ಆಗುತ್ತಿತ್ತು. ‘ಈ ಗ್ಯಾಸ್ ಪೆಟ್ರೋಲನ್ನು ಚೆನ್ನಾಗಿ ಉರಿಸುತ್ತದೆ’ ಎಂಬ ಇನ್ನೊಂದು ವಾದವೂ ಇದೆ. ಸುಸ್ಥಿತಿಯಲ್ಲಿರುವ ಈಗಿನ ಎಂಜಿನ್ ತನಗೆ ಸಿಕ್ಕ ಪೆಟ್ರೋಲನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಉರಿಸಿಯೇ ಬಿಡುತ್ತದೆ. ಉರಿಯದೆ ಉಳಿಯುವುದು ಅತ್ಯಲ್ಪವಾದ್ದರಿಂದ ಅಲ್ಲಿ ಗಳಿಸಲು ದೊಡ್ಡ ಲಾಭವೇನೂ ಇಲ್ಲ.

ಅಪಾಯವೂ ಇದೆ. ಗಾಳಿಯಲ್ಲಿ ಜಲಜನಕ ಶೇ. 4ರಿಂದ ಶೇ. 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳಬಲ್ಲದು. ಈ ಡಬ್ಬಿಗಳಲ್ಲಿ ಜಲಜನಕ ಮತ್ತು ಆಮ್ಲಜನಕ ಒಟ್ಟಿಗೇ ಸೇರಿ ಹೊರಬರುತ್ತವೆ, ಒಂದು ಕಿಡಿ ಸಾಕು. ನೀರಿಗೆ ಬೆರೆಸಲು ಕೊಡುವ ಕಾಸ್ಟಿಕ್ ಪುಡಿ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಅನುಮತಿಯಿಲ್ಲದೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧ ಇದೆ. ಅಪಘಾತವಾದರೆ ವಿಮೆಯ ವಿಷಯದಲ್ಲೂ ತೊಡಕಾಗಬಹುದು.

ಹಾಗಾದರೆ ವಿಡಿಯೊದಲ್ಲಿ ಗಾಡಿ ಓಡಿತಲ್ಲ?

ಓಡಬಹುದು. ವೆಲ್ಡಿಂಗ್ ಅಂಗಡಿಯ ಕಾರ್ಬೈಡ್ ಕಲ್ಲಿಗೆ ನೀರು ಹಾಕಿದರೆ ಅಸಿಟಿಲೀನ್ ಗ್ಯಾಸ್ ಬರುತ್ತದೆ. ಅದರಿಂದ ಎಂಜಿನ್ ಓಡಿಸಬಹುದು. ಕಾಸ್ಟಿಕ್ ಬೆರೆಸಿದ ನೀರಿಗೆ ಅಲ್ಯುಮಿನಿಯಂ ಚೂರು ಹಾಕಿದರೆ ಜಲಜನಕವೇ ಬರುತ್ತದೆ. ಕ್ಯಾಮೆರಾ ನೀರನ್ನು ತೋರಿಸುತ್ತದೆ, ಆದರೆ ಇಂಧನ ಕಾರ್ಬೈಡ್ ಮತ್ತು ಅಲ್ಯುಮಿನಿಯಂ. ಇವೆರಡನ್ನೂ ತಯಾರಿಸಲು ಕಾರ್ಖಾನೆಯಲ್ಲಿ ಅಪಾರ ವಿದ್ಯುತ್ ಖರ್ಚಾಗಿರುತ್ತದೆ. ನೋಡಬೇಕಾದದ್ದು ‘ಏನು ಸುರಿದರು’ ಎಂಬುದನ್ನಲ್ಲ, ‘ಏನು ಖರ್ಚಾಗಿ ಮುಗಿಯಿತು’ ಎಂಬುದನ್ನು.

ಇಂಥ ಹೇಳಿಕೆಗಳಿಗೆ ದೊಡ್ಡ ಇತಿಹಾಸವೇ ಇದೆ. ಅಮೆರಿಕದ ಸ್ಟ್ಯಾನ್ಲಿ ಮೇಯರ್ ‘ನೀರಿನ ಇಂಧನ ಕೋಶ’ ಎಂದು ಪ್ರಚಾರ ಮಾಡಿದ್ದರು. 1996ರಲ್ಲಿ ಒಹಾಯೊದ ನ್ಯಾಯಾಲಯ ಅದನ್ನು ವಂಚನೆ ಎಂದು ತೀರ್ಪಿತ್ತು, ಹೂಡಿಕೆ ಮಾಡಿದ್ದ ಇಬ್ಬರಿಗೆ 25,000 ಡಾಲರ್ ಮರಳಿಸಲು ಹೇಳಿತು. ಅದೇ 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರು ಮತ್ತು ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಎಂದು ದೇಶದ ಗಮನ ಸೆಳೆದರು. ಮುಂದೆ ಸಿಬಿಐ ಪ್ರಕರಣವಾಗಿ, 2016ರಲ್ಲಿ ಚೆನ್ನೈನ ನ್ಯಾಯಾಲಯ ವಂಚನೆಗಾಗಿ 3 ವರ್ಷ ಶಿಕ್ಷೆ ವಿಧಿಸಿತು. 2008ರಲ್ಲಿ ಜಪಾನಿನ ಜೆನೆಪ್ಯಾಕ್ಸ್ ಎಂಬ ಕಂಪನಿ ನೀರಿನ ಕಾರು ತೋರಿಸಿತು, ಮರುವರ್ಷವೇ ಬಾಗಿಲು ಮುಚ್ಚಿತು. 2012ರಲ್ಲಿ ಪಾಕಿಸ್ತಾನದ ಟಿವಿ ಚಾನೆಲ್‌ಗಳಲ್ಲಿ ಇಂಥದ್ದೇ ‘ವಾಟರ್ ಕಿಟ್’ ಸುದ್ದಿಯ ಸುರಿಮಳೆಯಾಗಿತ್ತು. ಭಾಷೆ, ದೇಶ ಬೇರೆಯಾದರೂ ಬಾವಿಯ ಆಳ ಎಲ್ಲೆಡೆ ಒಂದೇ.

ನಿಜವಾದ ಕ್ಯಾಟಲಿಸ್ಟ್ ಹುಡುಕಾಟ ಹೇಗೆ ನಡೆಯುತ್ತದೆ?

ಇಷ್ಟೆಲ್ಲ ಓದಿ ‘ಹಾಗಾದರೆ ನೀರಿನಿಂದ ಜಲಜನಕ ತೆಗೆಯುವ ಸಂಶೋಧನೆಯೇ ದಂಡವೇ?’ ಎಂದು ಕೇಳಬಹುದು. ಖಂಡಿತ ಅಲ್ಲ. ರಾಟೆಗೆ ಒಳ್ಳೆಯ ಎಣ್ಣೆ ಹುಡುಕುವ ಕೆಲಸ ಬಹಳ ಮುಖ್ಯ. ಉಳಿದ ಎರಡು ಪಾಠಗಳು ಬರುವುದು ಇಲ್ಲೇ.

ಮೊದಲು ಕಂಪ್ಯೂಟರ್ ಪಾಠ. ಹಿಂದೆ ಕ್ಯಾಟಲಿಸ್ಟ್ ಹುಡುಕುವುದೆಂದರೆ ಒಂದೊಂದೇ ವಸ್ತುವನ್ನು ಪರೀಕ್ಷಿಸುವುದು. ಅಮೋನಿಯಾಕ್ಕಾಗಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ನೂರು ವರ್ಷಗಳ ಹಿಂದೆ ಸಾವಿರಾರು ಪರೀಕ್ಷೆಗಳನ್ನು ಮಾಡಿತ್ತು. ಈಗ ಮೊದಲ ಜರಡಿ ಹಿಡಿಯುವುದು ಕಂಪ್ಯೂಟರ್‌ನಲ್ಲಿ. ಎಲೆಕ್ಟ್ರಾನ್‌ಗಳ ವರ್ತನೆ ತಿಳಿಸುವ ಸಮೀಕರಣವನ್ನು ಶ್ರೋಡಿಂಗರ್ 1926ರಲ್ಲೇ ಕೊಟ್ಟಿದ್ದರು. ಆದರೆ ಹಲವು ಎಲೆಕ್ಟ್ರಾನ್‌ಗಳಿರುವ ಅಣುವಿಗೆ ಅದನ್ನು ನೇರವಾಗಿ ಬಿಡಿಸುವುದು ಅಸಾಧ್ಯದ ಮಾತಾಗಿತ್ತು. ಅದಕ್ಕೆ ನಿಭಾಯಿಸಬಲ್ಲ ದಾರಿ ತೋರಿಸಿದ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅವರಿಗೆ 1998ರ ರಸಾಯನಶಾಸ್ತ್ರ ನೊಬೆಲ್ ಬಂತು. ಹತ್ತು ಎಲೆಕ್ಟ್ರಾನ್‌ಗಳ ನೀರಿನ ಅಣುವಿನ ಲೆಕ್ಕವನ್ನು ಇಂದು ವಿದ್ಯಾರ್ಥಿಯ ಲ್ಯಾಪ್‌ಟಾಪ್ ಕೂಡ ಮಾಡುತ್ತದೆ. ಇದಕ್ಕೆ ಉಚಿತ ಸಾಫ್ಟ್‌ವೇರ್‌ಗಳೂ ಇವೆ.

ಕಂಪ್ಯೂಟರ್ ಏನನ್ನು ಹುಡುಕುತ್ತದೆ? ಕ್ಯಾಟಲಿಸ್ಟ್ ಜಲಜನಕದ ಪರಮಾಣುವನ್ನು ತನ್ನ ಮೈಮೇಲೆ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು. ತೀರಾ ಸಡಿಲವಾದರೆ ಪರಮಾಣು ನಿಲ್ಲುವುದೇ ಇಲ್ಲ, ತೀರಾ ಬಿಗಿಯಾದರೆ ಬಿಟ್ಟು ಹೋಗುವುದಿಲ್ಲ. ಹದವಾಗಿ ಹಿಡಿಯಬೇಕು. ಪ್ಲಾಟಿನಂ ಈ ಹದಕ್ಕೆ ಬಹಳ ಹತ್ತಿರ ಇದೆ. ಆದರೆ ಅದರ ಬೆಲೆ ವಿಪರೀತ.

2005ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಇಂಥ ಲೆಕ್ಕದಿಂದ ಒಂದು ಅಗ್ಗದ ವಸ್ತುವಿನತ್ತ ಬೆರಳು ತೋರಿಸಿದರು: ಮಾಲಿಬ್ಡಿನಮ್ ಡೈಸಲ್ಫೈಡ್. ಹೆಸರು ಹೊಸದೆನಿಸಿದರೂ ಗ್ಯಾರೇಜಿನವರಿಗೆ ಇದು ಗೊತ್ತು. ‘ಮೋಲಿ ಗ್ರೀಸ್’ನಲ್ಲಿರುವ ಕಪ್ಪು ಪುಡಿ ಇದೇ. ಮಂಗಳೂರಿನದ್ದೂ ಸೇರಿದಂತೆ ರಿಫೈನರಿಗಳಲ್ಲಿ ಡೀಸೆಲ್‌ನ ಗಂಧಕ ತೆಗೆಯಲು ಬಳಸುವ ಕ್ಯಾಟಲಿಸ್ಟ್‌ಗಳೂ ಇದೇ ಕುಟುಂಬದವು. ಇದರ ಹಾಳೆಯಂಥ ಕಣಗಳ ಅಂಚು ಜಲಜನಕವನ್ನು ಹದವಾಗಿ ಹಿಡಿಯುತ್ತದೆ ಎಂದು ಲೆಕ್ಕ ಹೇಳಿತು. 2007ರಲ್ಲಿ ಪ್ರಯೋಗ ನಡೆಸಿದಾಗ ಅಂಚಿನಲ್ಲೇ ಕ್ರಿಯೆ ನಡೆಯುವುದು ಖಚಿತವಾಯಿತು. ವಿಜ್ಞಾನದಲ್ಲಿ ‘ಹೊಸ ಕ್ಯಾಟಲಿಸ್ಟ್ ಸಿಕ್ಕಿತು’ ಎಂಬ ಸುದ್ದಿಯ ನಿಜ ರೂಪ ಹೀಗಿರುತ್ತದೆ. ಇಷ್ಟಾದರೂ ಈ ವಿಜ್ಞಾನಿಗಳಲ್ಲಿ ಯಾರೂ ‘ವಿದ್ಯುತ್ ಬೇಡ’ ಎನ್ನಲಿಲ್ಲ.

ಇನ್ನು ಮೆಟೀರಿಯಲ್ಸ್ ಪಾಠ. ಒಂದು ವಾರ ಚೆನ್ನಾಗಿ ಕೆಲಸ ಮಾಡಿ ಸಾಯುವ ಕ್ಯಾಟಲಿಸ್ಟ್ ಯಾರಿಗೂ ಬೇಡ. ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಲ್ಲಿ ಅದು ಕಾರಿನ ಕನ್ವರ್ಟರನ್ನು ಹಾಳುಗೆಡವುತ್ತಿತ್ತು. ಕನ್ವರ್ಟರ್ ಬರಬೇಕಾದರೆ ಸೀಸವಿಲ್ಲದ ಪೆಟ್ರೋಲ್ ಬರಲೇಬೇಕಾಯಿತು. ನೀರು ಒಡೆಯುವ ಯಂತ್ರಗಳದ್ದೂ ಇದೇ ಕಥೆ. ಒಂದು ಬಗೆಯ ಯಂತ್ರದೊಳಗೆ ಆಮ್ಲದ ವಾತಾವರಣ ಇರುತ್ತದೆ. ಆಮ್ಲಜನಕ ಬರುವ ಕಡೆ ಅಲ್ಲಿ ಬಹುತೇಕ ಲೋಹಗಳು ಕರಗಿಹೋಗುತ್ತವೆ. ತಡೆದು ನಿಲ್ಲುವ ಇರಿಡಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವುದು ಏಳೆಂಟು ಟನ್ ಮಾತ್ರ. ಇದಕ್ಕೆ ಬದಲಿ ಹುಡುಕುವುದು ಇಂದಿನ ದೊಡ್ಡ ಸವಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ನೀರು ಒಡೆಯುವ ಕ್ಯಾಟಲಿಸ್ಟ್‌ಗಳ ಸಂಶೋಧನೆ ನಡೆಯುತ್ತಿದೆ.

ಜಲಜನಕದ ಕಾರು ಬೇರೆ, ನೀರಿನ ಕಾರು ಬೇರೆ

2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಟೊಯೋಟಾ ಮಿರಾಯ್ ಎಂಬ ಕಾರಿನಲ್ಲಿ ಸಂಸತ್ತಿಗೆ ಬಂದಿದ್ದರು. ಆ ಕಾರಿನ ಹಿಂಬದಿಯಿಂದ ಹೊರಬರುವುದು ನೀರು. ಹೊರಗೆ ಬರುವ ನೀರನ್ನು ಒಳಗೆ ಹಾಕುವ ನೀರು ಎಂದು ತಿಳಿದರೆ ಇಡೀ ಕಥೆ ತಲೆಕೆಳಗಾಗುತ್ತದೆ. ಅದರ ಟ್ಯಾಂಕಿನಲ್ಲಿ ಇರುವುದು ಭಾರೀ ಒತ್ತಡದಲ್ಲಿ ತುಂಬಿದ 5.6 ಕಿಲೋ ಜಲಜನಕ. ಅದರಿಂದ ಸುಮಾರು 650 ಕಿಲೋಮೀಟರ್ ಓಡುತ್ತದೆ ಎನ್ನಲಾಗಿತ್ತು.

ಅಷ್ಟು ಜಲಜನಕವನ್ನು ನೀರಿನಿಂದ ತೆಗೆಯಲು ಬೇಕಾದ ನೀರು ಸುಮಾರು 50 ಲೀಟರ್, ಬೇಕಾದ ವಿದ್ಯುತ್ ಸುಮಾರು 280 ಯೂನಿಟ್. ಯೂನಿಟ್‌ಗೆ 6 ಕಿಲೋಮೀಟರ್ ಓಡುವ ಬ್ಯಾಟರಿ ಕಾರಿಗೆ ಅದೇ 280 ಯೂನಿಟ್ ತುಂಬಿದರೆ 1,680 ಕಿಲೋಮೀಟರ್ ಆಗುತ್ತದೆ. ಹೀಗಾಗಿ ಜಲಜನಕದ ನಿಜವಾದ ಉಪಯೋಗ ಬ್ಯಾಟರಿಯಿಂದ ಸುಲಭವಾಗಿ ಆಗದ ಕಡೆ ಇದೆ: ಗೊಬ್ಬರ, ಉಕ್ಕು, ರಿಫೈನರಿಗಳು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿದೆ. 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಅದರದ್ದು. ‘ಹಸಿರು’ ಎಂಬ ಮಾತಿನ ಅರ್ಥವೇ ಅಲ್ಲಿ ಬಳಸುವ ವಿದ್ಯುತ್ ಬಿಸಿಲು, ಗಾಳಿಯಂಥ ಮೂಲಗಳಿಂದ ಬರಬೇಕು ಎಂದು. ಗಿಡಮರಗಳ ಎಲೆಗಳೂ ನೀರನ್ನು ಒಡೆಯುತ್ತವೆ. ಅವುಗಳ ಬಿಲ್ ಕಟ್ಟುವವನು ಸೂರ್ಯ.

ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಶಕ್ತಿ ಎಲ್ಲಿಂದ ಬಂತು? ವಿದ್ಯುತ್, ಬಿಸಿಲು, ಇಲ್ಲವೇ ಇನ್ನಾವುದೋ ಇಂಧನದ ಹೆಸರು ಸಂದೇಶದಲ್ಲಿ ಇಲ್ಲದಿದ್ದರೆ ಅಲ್ಲೇ ಅನುಮಾನ ಪಡಿ.

2. ಖರ್ಚಾಗಿ ಮುಗಿಯುವ ವಸ್ತು ಯಾವುದು? ‘ಪುಡಿಯನ್ನು ಆಗಾಗ ಬದಲಿಸಬೇಕು’ ಎಂದರೆ ಅದು ಕ್ಯಾಟಲಿಸ್ಟ್ ಅಲ್ಲ, ಇಂಧನವೇ ಇರಬಹುದು.

3. ಎಷ್ಟು ಗಂಟೆ, ಎಷ್ಟು ದಿನ ಓಡಿತು? ಎರಡು ನಿಮಿಷದ ವಿಡಿಯೊ ಯಾವುದಕ್ಕೂ ಸಾಕ್ಷಿಯಲ್ಲ.

4. ಬೇರೆಯವರು ಅದನ್ನು ಬಿಚ್ಚಿ, ಅಳೆದು ನೋಡಿದ್ದಾರೆಯೇ? ‘ಗುಟ್ಟು ಬಯಲಾಗುತ್ತದೆ’ ಎಂದು ಪರೀಕ್ಷೆಗೆ ಒಪ್ಪದವರ ಕೈಗೆ ದುಡ್ಡು ಕೊಡಬೇಡಿ.

ಸಾರಾಂಶ: ನೀರನ್ನು ಒಡೆಯಲು ಸಹಾಯ ಮಾಡುವ ಕ್ಯಾಟಲಿಸ್ಟ್‌ಗಳು ಇವೆ, ಇನ್ನೂ ಒಳ್ಳೆಯವು ಬರುತ್ತವೆ. ಆದರೆ ನೀರನ್ನೇ ಇಂಧನ ಮಾಡುವ ಕ್ಯಾಟಲಿಸ್ಟ್ ಇಲ್ಲ, ಬರುವುದೂ ಇಲ್ಲ. ‘ನೀರಿನಿಂದ ಗಾಡಿ ಓಡುತ್ತದೆ’ ಎಂಬ ಹೇಳಿಕೆ ಸುಳ್ಳು. ಈ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಹೀಯಾಳಿಸುವುದು ಬೇಡ. ‘ಕರೆಂಟ್ ಬಿಲ್ ಯಾರು ಕಟ್ಟಿದರು?’ ಎಂದು ಒಂದೇ ಸಾಲು ಕೇಳಿ. ಕಿಟ್‌ಗೆ ಮುಂಗಡ ಕೊಡಲು ಹೊರಟ ಯಾರಾದರೂ ಒಬ್ಬರು ಆ ಸಾಲು ಓದಿ ನಿಂತರೂ ಸಾಕು.